ಒಂದು ಗಡಿಯ ಜಗಳ ಮತ್ತು ಒಬ್ಬ ಶಾಲಾ ಮೇಷ್ಟರು

ನಾನು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಭೂಮಿಯ ಯುಗಗಳ ಪಟ್ಟಿಯನ್ನು ಬರೆದು ತರಗತಿಯ ಗೋಡೆಗೆ ತೂಗುಹಾಕಿದ್ದೆ. ಕೆಳಗಿನಿಂದ ಮೇಲಕ್ಕೆ ಕೇಂಬ್ರಿಯನ್, ಆರ್ಡೊವಿಷಿಯನ್, ಸಿಲೂರಿಯನ್, ಡೆವೋನಿಯನ್ ಎಂದು ಮುಂದುವರಿಯುವ ಪಟ್ಟಿ. ಮಕ್ಕಳು ಅದನ್ನು ಮಗ್ಗಿಯಂತೆ ಉರು ಹೊಡೆಯುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಈ ಹೆಸರುಗಳನ್ನು ಇಟ್ಟವರು ಯಾರು?" ಎಂದು ಕೇಳಿದ. "ವಿಜ್ಞಾನಿಗಳು" ಎಂದು ಹೇಳಿ ಕೂರಿಸಿದೆ. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿದೆ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಹೆಸರಾಂತ ವಿದ್ವಾಂಸರು ತೀರಿಕೊಂಡರೆ ಅವರ ಶಿಷ್ಯರೋ ಬಂಧುಗಳೋ ಅವರ ಪತ್ರಗಳನ್ನು ಕಲೆಹಾಕಿ, ನಡುನಡುವೆ ಜೀವನಚರಿತ್ರೆಯನ್ನು ಪೋಣಿಸಿ, ದಪ್ಪ ದಪ್ಪ ಸಂಪುಟಗಳಾಗಿ ಅಚ್ಚು ಹಾಕಿಸುತ್ತಿದ್ದರು. ಮರ್ಚಿಸನ್‌ನ ಚರಿತ್ರೆ 1875ರಲ್ಲಿ, ಚಾರ್ಲ್ಸ್ ಲಯೆಲ್‌ನ ಪತ್ರಗಳು 1881ರಲ್ಲಿ, ಸೆಜ್‌ವಿಕ್‌ನ ಪತ್ರಗಳು 1890ರಲ್ಲಿ ಹೀಗೆ ಹೊರಬಂದವು. ಇವೆಲ್ಲ ಈಗ ಅಂತರಜಾಲದಲ್ಲಿ ಹಾಳೆ ಹಾಳೆಯಾಗಿ ಓದಲು ಸಿಗುತ್ತವೆ. ಸಂಶೋಧನಾ ಪ್ರಬಂಧಗಳಲ್ಲಿ ಕಾಣದ ಮನುಷ್ಯ ಪತ್ರಗಳಲ್ಲಿ ಕಾಣುತ್ತಾನೆ. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಸಿಕ್ಕ ಉತ್ತರ ನಾನು ಊಹಿಸಿದ್ದಕ್ಕಿಂತ ಬಹಳ ದೊಡ್ಡದು. ಅದರೊಳಗೊಂದು ಗೆಳೆತನವಿದೆ, ಒಂದು ಹಗೆತನವಿದೆ, ಕೊನೆಗೆ ನಮ್ಮಂಥ ಒಬ್ಬ ಶಾಲಾ ಮೇಷ್ಟರೂ ಇದ್ದಾರೆ.

ಮೊದಲು ಹೆಸರುಗಳನ್ನೇ ನೋಡೋಣ. ಕೇಂಬ್ರಿಯಾ ಎಂಬುದು ವೇಲ್ಸ್ ನಾಡಿನ ಲ್ಯಾಟಿನ್ ಹೆಸರು. ಸಿಲೂರ್ ಮತ್ತು ಆರ್ಡೊವಿಸ್ ಎಂಬುವು ರೋಮನರ ಕಾಲದಲ್ಲಿ ಆ ನಾಡಿನಲ್ಲಿದ್ದ ಎರಡು ಬುಡಕಟ್ಟುಗಳು. ಡೆವನ್ ಎಂಬುದು ಇಂಗ್ಲೆಂಡಿನ ಒಂದು ಜಿಲ್ಲೆ. ಅಂದರೆ ಇಡೀ ಜಗತ್ತಿನ ಕಾಲಗಣನೆಯ ಒಂದು ಭಾಗಕ್ಕೆ ಬ್ರಿಟನ್ನಿನ ನಾಲ್ಕಾರು ಗುಡ್ಡಗಾಡುಗಳ ಹೆಸರು ಅಂಟಿಕೊಂಡಿದೆ. ನಮ್ಮ ಧಾರವಾಡದ ಹೆಸರು ಭೂವಿಜ್ಞಾನದ ಗ್ರಂಥಗಳನ್ನು ಸೇರಿದ್ದೂ ಇದೇ ದಾರಿಯಲ್ಲಿ. ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ 1880ರ ದಶಕದಲ್ಲಿ ನಮ್ಮ ಭಾಗದ ಅತಿ ಪ್ರಾಚೀನ ಶಿಲಾಸಮೂಹಕ್ಕೆ ಆ ಹೆಸರನ್ನಿಟ್ಟ. ಕಲ್ಲಿಗೆ ಊರಿನ ಹೆಸರಿಡುವ ಅಭ್ಯಾಸ ಅವನು ಬರುವ ಹೊತ್ತಿಗೆ ಬೇರೂರಿತ್ತು.

ಆ ಶತಮಾನದ ಆರಂಭದಲ್ಲಿ ಭೂವಿಜ್ಞಾನಿ ಎಂಬ ಉದ್ಯೋಗವೇ ಇರಲಿಲ್ಲ. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ 1807ರಲ್ಲಿ ಹುಟ್ಟಿದಾಗ ಅದರ ಸದಸ್ಯರು ಬಹುಪಾಲು ಉಳ್ಳವರು. ಕೈಕೆಸರು ಮಾಡಿಕೊಂಡು ದುಡಿಯುತ್ತಿದ್ದವರು ಬೇರೆ. ಕಾಲುವೆ ತೋಡಿಸುವ ಸರ್ವೇಯರ್ ಆಗಿದ್ದ ವಿಲಿಯಂ ಸ್ಮಿತ್ 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಮೊದಲ ದೊಡ್ಡ ಭೂವೈಜ್ಞಾನಿಕ ನಕ್ಷೆಯನ್ನು ಪ್ರಕಟಿಸಿ, ನಾಲ್ಕು ವರ್ಷಗಳ ನಂತರ ಸಾಲಕ್ಕಾಗಿ ಸೆರೆಮನೆ ಸೇರಿದ. ಗಿಡಿಯನ್ ಮ್ಯಾಂಟೆಲ್ ಹಗಲೆಲ್ಲ ರೋಗಿಗಳನ್ನು ನೋಡುವ ವೈದ್ಯ, ಉಳಿದ ಹೊತ್ತಿನಲ್ಲಿ ಪಳೆಯುಳಿಕೆಗಳ ಹುಚ್ಚ. ಲೈಮ್ ರೀಜಿಸ್ ಎಂಬ ಕಡಲತೀರದ ಊರಿನಲ್ಲಿ ಮೇರಿ ಆ್ಯನಿಂಗ್ ಎಂಬ ಬಡ ಹೆಣ್ಣುಮಗಳು ಬಂಡೆಗಳಿಂದ ಪ್ರಾಚೀನ ಪ್ರಾಣಿಗಳ ಅಸ್ಥಿಪಂಜರಗಳನ್ನು ಬಿಡಿಸಿ ಮಾರಿ ಸಂಸಾರ ನಡೆಸುತ್ತಿದ್ದಳು. ಹೆಂಗಸರು ಆ ಸೊಸೈಟಿಯ ಸದಸ್ಯರಾಗಲು 1919ರವರೆಗೆ ಕಾಯಬೇಕಾಯಿತು. ಮೇರಿ ತೀರಿಕೊಂಡದ್ದು 1847ರಲ್ಲಿ.

ಇವರನ್ನೆಲ್ಲ ಒಂದೇ ಸೂತ್ರಕ್ಕೆ ಕಟ್ಟಿದ್ದು ಅಂಚೆ. 1840ರಲ್ಲಿ ಪೆನ್ನಿ ಅಂಚೆ ಬರುವವರೆಗೆ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ನೋಡಿ ಶುಲ್ಕ ಹಾಕುತ್ತಿದ್ದರು. ಸಾಮಾನ್ಯವಾಗಿ ಹಣ ಕೊಡಬೇಕಾದವನು ಪತ್ರ ಪಡೆದವನೇ! ಆದ್ದರಿಂದ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡಲಾಗಿ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುವ ರೂಢಿಯಿತ್ತು. ಇಂಥ ಹಾಳೆಗಳಲ್ಲಿ ಬಂಡೆಯ ಓರೆ, ಪದರದ ದಪ್ಪ, ಹೊಸ ಚಿಪ್ಪಿನ ಚಿತ್ರ, ಮನೆಯವರ ಕಾಯಿಲೆ, ಊರ ಸುದ್ದಿ ಎಲ್ಲವೂ ಒಟ್ಟಿಗೆ ಹರಿದಾಡುತ್ತಿದ್ದವು. ಪರ್ಮಿಯನ್ ಎಂಬ ಯುಗದ ಹೆಸರು ಮೊದಲು ಕಾಣಿಸಿಕೊಂಡದ್ದೇ ಒಂದು ಪತ್ರದಲ್ಲಿ. 1841ರಲ್ಲಿ ರಷ್ಯಾ ಪ್ರವಾಸ ಮಾಡಿದ ರೋಡರಿಕ್ ಮರ್ಚಿಸನ್ ಅದನ್ನು ಮಾಸ್ಕೋದ ವಿದ್ವಾಂಸ ಫಿಷರ್ ಫಾನ್ ವಾಲ್ಡ್‌ಹೈಮ್‌ನಿಗೆ ಬರೆದು ತಿಳಿಸಿದ. ಮೇರಿ ಆ್ಯನಿಂಗ್ 1833ರಲ್ಲಿ ಇದೇ ಮರ್ಚಿಸನ್‌ನ ಹೆಂಡತಿ ಶಾರ್ಲೆಟ್‌ಳಿಗೆ ಬರೆದ ಪತ್ರದಲ್ಲಿ ವಿಜ್ಞಾನವೇನೂ ಇಲ್ಲ. ತನ್ನ ಕಣ್ಣೆದುರಿಗೇ ಬಂಡೆ ಕುಸಿದು ತನ್ನ ಸಾಕುನಾಯಿ ಸತ್ತದ್ದನ್ನೂ ತಾನು ಕೂದಲೆಳೆಯಲ್ಲಿ ಉಳಿದದ್ದನ್ನೂ ಆಕೆ ಅದರಲ್ಲಿ ತೋಡಿಕೊಂಡಿದ್ದಾಳೆ. ಶಾರ್ಲೆಟ್ ಕೆಲವು ವರ್ಷಗಳ ಹಿಂದೆ ಲೈಮ್‌ನಲ್ಲಿ ಉಳಿದು ಮೇರಿಯ ಜೊತೆ ಪಳೆಯುಳಿಕೆ ಆರಿಸಿದ್ದವಳು. ಶ್ರೀಮಂತರ ಮನೆಯ ಹೆಂಗಸಿಗೂ ಕಡಲಂಚಿನ ಬಡವಿಗೂ ನಡುವೆ ಅಷ್ಟು ಸಲಿಗೆ ಬೆಳೆದಿತ್ತು.

ಈಗ ಇಬ್ಬರು ಗೆಳೆಯರ ಕಥೆಗೆ ಬರುತ್ತೇನೆ.

ಆಡಮ್ ಸೆಜ್‌ವಿಕ್ ಹುಟ್ಟಿದ್ದು 1785ರಲ್ಲಿ, ಯಾರ್ಕ್‌ಷೈರಿನ ಡೆಂಟ್ ಎಂಬ ಕಣಿವೆಯ ಹಳ್ಳಿಯಲ್ಲಿ. ತಂದೆ ಆ ಊರಿನ ಪಾದ್ರಿ. ಹುಡುಗ ಕೇಂಬ್ರಿಜ್‌ಗೆ ಹೋಗಿ ಗಣಿತ ಕಲಿತು, 1818ರಲ್ಲಿ ಅಲ್ಲಿಯೇ ಭೂವಿಜ್ಞಾನದ ಪ್ರಾಧ್ಯಾಪಕನಾದ. ಆಗ ಅವನಿಗೆ ಆ ವಿಷಯ ಅಷ್ಟಾಗಿ ತಿಳಿದಿರಲಿಲ್ಲ ಎಂಬುದು ಸ್ವಾರಸ್ಯ. ಪೀಠವನ್ನು ಸ್ಥಾಪಿಸಿದ ವುಡ್‌ವರ್ಡ್ ತನ್ನ ಉಯಿಲಿನಲ್ಲಿ ಒಂದು ಷರತ್ತು ಹಾಕಿದ್ದ: ಪ್ರಾಧ್ಯಾಪಕನಾದವನು ಅವಿವಾಹಿತನಾಗಿರಬೇಕು. ಸೆಜ್‌ವಿಕ್ ಆ ಪೀಠದಲ್ಲಿ 55 ವರ್ಷ ಕುಳಿತ, ಮದುವೆಯಾಗಲಿಲ್ಲ. ಅವನ ಪತ್ರಗಳನ್ನು ಓದಿದರೆ ನಗುವೂ ಬರುತ್ತದೆ, ಕನಿಕರವೂ ಹುಟ್ಟುತ್ತದೆ. ಕೇಂಬ್ರಿಜ್‌ನಲ್ಲಿದ್ದಾಗ ತಲೆನೋವು, ಸಂಧಿವಾತ, ಕಣ್ಣುರಿ ಎಂದು ಪುಟಗಟ್ಟಲೆ ಗೋಳು. ಸುತ್ತಿಗೆ ಹಿಡಿದು ಬೆಟ್ಟ ಹತ್ತಿದರೆ ಕಾಯಿಲೆಗಳೆಲ್ಲ ಮಾಯ. ತಮ್ಮನ ಮಗಳಿಗೆ ಬರೆದ ಪತ್ರಗಳಲ್ಲಂತೂ ಪ್ರೀತಿ ಉಕ್ಕಿ ಹರಿಯುತ್ತದೆ.

ರೋಡರಿಕ್ ಮರ್ಚಿಸನ್ ಅವನಿಗಿಂತ ಏಳು ವರ್ಷ ಕಿರಿಯ, ಸ್ಕಾಟ್ಲೆಂಡಿನ ಜಮೀನುದಾರ ವಂಶದವನು. ಹದಿಹರೆಯದಲ್ಲೇ ಸೈನ್ಯ ಸೇರಿ ನೆಪೋಲಿಯನ್ನನ ವಿರುದ್ಧ ಪೋರ್ಚುಗಲ್ ಮತ್ತು ಸ್ಪೇನುಗಳಲ್ಲಿ ಕಾದಿದವನು. ಯುದ್ಧ ಮುಗಿದ ಮೇಲೆ ನರಿಬೇಟೆಯಲ್ಲಿ ಕಾಲ ಕಳೆಯುತ್ತಿದ್ದವನನ್ನು ವಿಜ್ಞಾನದ ಕಡೆಗೆ ತಿರುಗಿಸಿದವಳು ಶಾರ್ಲೆಟ್. ಭೂವಿಜ್ಞಾನದ ಬಗೆಗೆ ಮೊದಲು ಆಸಕ್ತಿ ಇದ್ದದ್ದು ಅವಳಿಗೆ. ಗಂಡ ನರಿಯನ್ನು ಬಿಟ್ಟು ಕಲ್ಲನ್ನು ಅಟ್ಟಿಸಿಕೊಂಡು ಹೊರಟ. 1827ರಲ್ಲಿ ಸೆಜ್‌ವಿಕ್ ಮತ್ತು ಮರ್ಚಿಸನ್ ಜೊತೆಯಾಗಿ ಸ್ಕಾಟ್ಲೆಂಡ್ ಸುತ್ತಿದರು, 1829ರಲ್ಲಿ ಆಲ್ಪ್ಸ್ ಪರ್ವತಗಳಿಗೆ ಹೋದರು. ಒಬ್ಬ ಬಡ ಪಾದ್ರಿಯ ಮಗ, ಇನ್ನೊಬ್ಬ ಸಿರಿವಂತ ಸೈನಿಕ. ಆದರೂ ಆ ವರ್ಷಗಳ ಪತ್ರಗಳಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವ ಅಣ್ಣತಮ್ಮಂದಿರಂತೆ ತೋರುತ್ತಾರೆ.

1831ರ ಬೇಸಿಗೆಯಲ್ಲಿ ಇಬ್ಬರೂ ವೇಲ್ಸ್ ಕಡೆ ಕೆಲಸ ಆರಂಭಿಸಿದರು, ಆದರೆ ಬೇರೆ ಬೇರೆ ತುದಿಗಳಿಂದ. ಮರ್ಚಿಸನ್ ಗಡಿನಾಡಿನಲ್ಲಿ, ಎಲ್ಲರಿಗೂ ಪರಿಚಿತವಾಗಿದ್ದ ಕೆಂಪು ಮರಳುಗಲ್ಲಿನಿಂದ ಹೊರಟು ಅದರ ಕೆಳಗಿನ ಪದರಗಳಿಗೆ ಇಳಿಯುತ್ತಾ ಬಂದ. ಅಲ್ಲಿ ಪಳೆಯುಳಿಕೆಗಳು ಹೇರಳವಾಗಿದ್ದವು. ಸೆಜ್‌ವಿಕ್ ಆರಿಸಿಕೊಂಡದ್ದು ಉತ್ತರ ವೇಲ್ಸ್‌ನ ಬೆಟ್ಟಗಳನ್ನು. ಅಲ್ಲಿ ಬಂಡೆಗಳು ಮಡಿಚಿ, ತಿರುಚಿ, ಒಡೆದು ಹೋಗಿದ್ದವು, ಪಳೆಯುಳಿಕೆಗಳು ವಿರಳ. ಅವನು ತಳದಿಂದ ಮೇಲಕ್ಕೆ ಏರುತ್ತಾ ಬಂದ. ಆ ವರ್ಷ ಕೆಲವು ದಿನ ಅವನ ಜೊತೆ ಚೀಲ ಹೊತ್ತು ನಡೆದ 22ರ ತರುಣನ ಹೆಸರು ಚಾರ್ಲ್ಸ್ ಡಾರ್ವಿನ್. ಇಬ್ಬರೂ ಒಂದು ಕಣಿವೆಯಲ್ಲಿ ಗಂಟೆಗಟ್ಟಲೆ ಪಳೆಯುಳಿಕೆ ಹುಡುಕುತ್ತಾ ಸುತ್ತಲೂ ಕಣ್ಣಿಗೆ ರಾಚುವಂತಿದ್ದ ಹಿಮನದಿಯ ಗುರುತುಗಳನ್ನು ಗಮನಿಸಲೇ ಇಲ್ಲವೆಂದು ಡಾರ್ವಿನ್ ಮುಂದೆ ನೆನೆದುಕೊಂಡಿದ್ದಾನೆ. ಅದರ ಬೆನ್ನಿಗೇ ಅವನಿಗೆ ಬೀಗಲ್ ಹಡಗಿನ ಕರೆ ಬಂತು.

1834ರಲ್ಲಿ ಗೆಳೆಯರಿಬ್ಬರೂ ಒಟ್ಟಿಗೆ ನಡೆದು ತಮ್ಮ ತಮ್ಮ ಪದರಗಳ ನಡುವಿನ ಗಡಿಯನ್ನು ಗೊತ್ತುಮಾಡಿಕೊಂಡರು. ಮರುವರ್ಷ ಡಬ್ಲಿನ್ ಸಭೆಯಲ್ಲಿ ಜಂಟಿಯಾಗಿ ಘೋಷಿಸಿದರು: ಮೇಲಿನದು ಮರ್ಚಿಸನ್‌ನ ಸಿಲೂರಿಯನ್, ಕೆಳಗಿನದು ಸೆಜ್‌ವಿಕ್‌ನ ಕೇಂಬ್ರಿಯನ್. ಹೊಲ ಹಂಚಿಕೊಂಡ ಸಹೋದರರು ಬದುವಿನ ಮೇಲೆ ನಿಂತು ಕೈಕುಲುಕಿದ ಹಾಗೆ ಇತ್ತು ಅದು.

ಬದುವಿನಲ್ಲೇ ತೊಡಕಿತ್ತು. ಬಾಲಾ ಎಂಬ ಊರಿನ ಸುಣ್ಣಕಲ್ಲನ್ನು ಮರ್ಚಿಸನ್ ಅಂದು ತನ್ನದಲ್ಲವೆಂದು ಬಿಟ್ಟುಕೊಟ್ಟಿದ್ದ. ಕಾಲಕ್ರಮದಲ್ಲಿ ಅದರಲ್ಲಿದ್ದ ಪಳೆಯುಳಿಕೆಗಳೂ ಮರ್ಚಿಸನ್ ಸಿಲೂರಿಯನ್ ಎಂದು ಕರೆದಿದ್ದ ಕೆಳಪದರಗಳ ಪಳೆಯುಳಿಕೆಗಳೂ ಒಂದೇ ಎಂದು ಗೊತ್ತಾಯಿತು. ಸೆಜ್‌ವಿಕ್‌ನ ಕೇಂಬ್ರಿಯನ್ನಿನ ಮೇಲ್ಭಾಗವೂ ಮರ್ಚಿಸನ್‌ನ ಸಿಲೂರಿಯನ್ನಿನ ಕೆಳಭಾಗವೂ ಒಂದೇ ಹೊಲವೆಂದಾಯಿತು. ಹಾಗಾದರೆ ಅದು ಯಾರದು? 1839ರಲ್ಲಿ ತನ್ನ ಬೃಹತ್ ಗ್ರಂಥವನ್ನು ಪ್ರಕಟಿಸಿ ಯುರೋಪಿನಲ್ಲೆಲ್ಲ ಹೆಸರಾಗಿದ್ದ ಮರ್ಚಿಸನ್, ಅದು ತನ್ನದೇ ಎಂದ. ಇಷ್ಟಕ್ಕೇ ನಿಲ್ಲದೆ, ಕೇಂಬ್ರಿಯನ್ನಿಗೆ ತನ್ನದೇ ಆದ ಜೀವಸಮೂಹ ಕಾಣದಿರುವುದರಿಂದ ಆ ಹೆಸರೇ ಬೇಡ, ಜೀವಾವಶೇಷ ಕಂಡಷ್ಟೂ ಕೆಳಗಿನವರೆಗೆ ಸಿಲೂರಿಯನ್ ಎನ್ನೋಣ ಎಂದ. ಇದರ ಹಿಂದೆ ಬರಿಯ ಕೀರ್ತಿಯಷ್ಟೇ ಇರಲಿಲ್ಲ. ಸಿಲೂರಿಯನ್ ಪದರ ಕಂಡರೆ ಅದರ ಕೆಳಗೆ ಕಲ್ಲಿದ್ದಲು ಸಿಗದು ಎಂಬುದು ಮರ್ಚಿಸನ್‌ನ ಸಿದ್ಧಾಂತ. ಜಮೀನುದಾರರು ವ್ಯರ್ಥವಾಗಿ ಬಾವಿ ತೋಡಿಸಿ ದುಡ್ಡು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಆ ಮಾತಿಗೆ ಬೆಲೆಯಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಸೆಜ್‌ವಿಕ್‌ನ ತಪ್ಪೂ ಇದೆ. ಅವನು ಬರೆಯುವುದರಲ್ಲಿ ಮಹಾ ನಿಧಾನಿ. ತಾನು ಸಂಗ್ರಹಿಸಿದ ಪಳೆಯುಳಿಕೆಗಳನ್ನು ಕ್ರಮವಾಗಿ ವಿವರಿಸುವ ಕೆಲಸ, 1846ರಲ್ಲಿ ಫ್ರೆಡರಿಕ್ ಮೆಕಾಯ್ ಎಂಬ ತಜ್ಞ ಕೇಂಬ್ರಿಜ್‌ಗೆ ಬರುವವರೆಗೆ ಹಾಗೇ ಉಳಿದಿತ್ತು. ಪಾಠ, ಪ್ರವಚನ, ನಾರ್ವಿಚ್ ಚರ್ಚಿನ ಕರ್ತವ್ಯ, ಬಂಧುಗಳ ಕಷ್ಟಸುಖ, ನೂರಾರು ಪತ್ರಗಳು, ಇವುಗಳಲ್ಲಿ ವರ್ಷಗಳು ಕರಗಿದವು. ಅವನು ಬಾಯಿ ತೆರೆಯುವ ಹೊತ್ತಿಗೆ ನಕ್ಷೆಗಳಲ್ಲಿ ಅವನ ಬೆಟ್ಟಗಳಿಗೆ ಇನ್ನೊಬ್ಬನ ಬಣ್ಣ ಬಿದ್ದಿತ್ತು. 1852ರಲ್ಲಿ ಸೊಸೈಟಿಯ ಸಭೆಯಲ್ಲಿ ಹಕ್ಕು ಮಂಡಿಸಿದಾಗ ಮಾತು ಒರಟಾಯಿತು. ಆ ದಶಕದ ನಡುವಿನ ವೇಳೆಗೆ ಅವನು ಸೊಸೈಟಿಯಿಂದಲೇ ದೂರವಾದ. ಮರ್ಚಿಸನ್‌ನಾದರೋ 1855ರಲ್ಲಿ ಸರಕಾರಿ ಭೂವೈಜ್ಞಾನಿಕ ಸರ್ವೇಯ ಮಹಾನಿರ್ದೇಶಕನಾದ. ಇನ್ನು ಅಧಿಕೃತ ನಕ್ಷೆಗಳಲ್ಲಿ ಯಾರ ಹೆಸರು ಉಳಿಯುತ್ತದೆಂದು ಕೇಳಬೇಕೆ?

ಒಂದು ಹೆಸರಿಗಾಗಿ ಇಷ್ಟು ಹಟವೇ ಎಂದು ನಮಗನ್ನಿಸಬಹುದು. ಸೆಜ್‌ವಿಕ್‌ನ ಸ್ವಭಾವವನ್ನು ತೋರಿಸುವ ಇನ್ನೊಂದು ಪ್ರಸಂಗವಿದೆ. ಅವನ ಹುಟ್ಟೂರಿನ ಕಣಿವೆಯಲ್ಲಿ ಕೌಗಿಲ್ ಎಂಬಲ್ಲಿ ಒಂದು ಪುಟ್ಟ ಚರ್ಚು ಇತ್ತು. ದಾಖಲೆಗಳಲ್ಲಿ ಅದರ ಹೆಸರು ತಪ್ಪಾಗಿ ಬದಲಾಗಿಬಿಟ್ಟಿತು. 1868ರಲ್ಲಿ, 83ರ ಮುದುಕ, ಅದನ್ನು ಸರಿಪಡಿಸಬೇಕೆಂದು ಊರಿನ ಚರಿತ್ರೆ, ಜನರ ಉಚ್ಚಾರಣೆ, ಹಳೆಯ ನೆನಪುಗಳನ್ನೆಲ್ಲ ತುಂಬಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದು ವಿಕ್ಟೋರಿಯಾ ರಾಣಿಯ ಕೈಗೂ ತಲುಪಿತು. 1869ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕವೇ ತಪ್ಪು ತಿದ್ದಲ್ಪಟ್ಟಿತು. ಚರ್ಚಿನ ಹೆಸರಿಗೆ ಇಷ್ಟು ಮಾಡಿದವನು ತಾನು ಸವೆಸಿದ ಬೆಟ್ಟಗಳ ಹೆಸರನ್ನು ಹೇಗೆ ಬಿಟ್ಟುಕೊಟ್ಟಾನು!

ಅದೇ 1869ರಲ್ಲಿ ಶಾರ್ಲೆಟ್ ತೀರಿಕೊಂಡಳು. ಬಹುಕಾಲ ಮುನಿದಿದ್ದ ಸೆಜ್‌ವಿಕ್ ಆಗ ಮರ್ಚಿಸನ್‌ನಿಗೆ ಸಾಂತ್ವನದ ಪತ್ರ ಬರೆದ. ಹಾಗೆಂದು ವಾದವನ್ನು ಬಿಡಲಿಲ್ಲ. ಮರ್ಚಿಸನ್ 1871ರಲ್ಲಿ ಹೋದ. 1873ರಲ್ಲಿ ಸೆಜ್‌ವಿಕ್ ಹೋದ ಮೇಲೆ ಹೊರಬಂದ ಕೇಂಬ್ರಿಜ್ ಪಳೆಯುಳಿಕೆಗಳ ಸೂಚೀಗ್ರಂಥಕ್ಕೆ ಅವನೇ ಬರೆದಿಟ್ಟಿದ್ದ ಮುನ್ನುಡಿಯಲ್ಲಿಯೂ ಅದೇ ಅನ್ಯಾಯದ ಕಥೆಯಿದೆ. ಪತ್ರ ಬರೆದ ಕೈಯೂ ಮುನ್ನುಡಿ ಬರೆದ ಕೈಯೂ ಒಂದೇ ಎಂಬುದನ್ನು ನೆನೆದಾಗ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ವಾದಿಗಳು ಹೋದರೂ ವ್ಯಾಜ್ಯ ಉಳಿಯಿತು. ಕೇಂಬ್ರಿಜ್‌ನವರ ನಕ್ಷೆಯಲ್ಲಿ ಒಂದು ಹೆಸರು, ಸರಕಾರಿ ನಕ್ಷೆಯಲ್ಲಿ ಇನ್ನೊಂದು. ಇದನ್ನು ಬಗೆಹರಿಸಿದವನು ಚಾರ್ಲ್ಸ್ ಲ್ಯಾಪ್‌ವರ್ತ್.

ಅವನ ಬಗ್ಗೆ ಬರೆಯುವ ಮೊದಲು ಒಂದು ಸ್ವಂತದ ಮಾತು. ಒಮ್ಮೆ ನಮ್ಮ ಶಾಲೆಗೆ ತಪಾಸಣೆಗೆ ಬಂದಿದ್ದ ಅಧಿಕಾರಿಯೊಬ್ಬರು, ನಾನು ರಜಾ ದಿನಗಳಲ್ಲಿ ಸುತ್ತಲಿನ ಹಳ್ಳಿಗಳ ವೀರಗಲ್ಲುಗಳನ್ನು ನೋಡಿ ಬರೆದುಕೊಂಡಿದ್ದ ಪುಸ್ತಕವನ್ನು ಮೇಜಿನ ಮೇಲೆ ಕಂಡು, "ಪಾಠ ಟಿಪ್ಪಣಿ ಬರೆಯಿರಿ ಮೇಷ್ಟ್ರೇ, ಇದನ್ನೆಲ್ಲ ನೋಡಿಕೊಳ್ಳಲು ಇಲಾಖೆಯವರಿದ್ದಾರೆ" ಎಂದಿದ್ದರು. ಅಂದು ಮರು ಮಾತನಾಡಲಿಲ್ಲ. ಲ್ಯಾಪ್‌ವರ್ತ್‌ನ ಚರಿತ್ರೆ ಆಗ ತಿಳಿದಿದ್ದರೆ ಬಹುಶಃ ಆಡುತ್ತಿದ್ದೆನೇನೊ.

ಲ್ಯಾಪ್‌ವರ್ತ್ 1842ರಲ್ಲಿ ಇಂಗ್ಲೆಂಡಿನ ಫ್ಯಾರಿಂಗ್ಡನ್ ಎಂಬಲ್ಲಿ ಹುಟ್ಟಿದ. ಶಿಕ್ಷಕರ ತರಬೇತಿ ಪಡೆದು, ಅಂದರೆ ನಮ್ಮ ಟಿಸಿಎಚ್, ಬಿಎಡ್ ಇದ್ದಂತೆ ಎನ್ನಿ, 1864ರಲ್ಲಿ ಸ್ಕಾಟ್ಲೆಂಡಿನ ಗಡಿಯ ಗ್ಯಾಲಶೀಲ್ಸ್ ಎಂಬ ಊರಿನ ಚರ್ಚ್ ಶಾಲೆಗೆ ಮೇಷ್ಟರಾಗಿ ಹೋದ. ಅವನು ವಾಲ್ಟರ್ ಸ್ಕಾಟ್‌ನ ಕಾದಂಬರಿಗಳ ಅಭಿಮಾನಿ. ಸ್ಕಾಟ್‌ನ ನಾಡು ಎಂಬ ಮೋಹವೇ ಅವನನ್ನು ಅಲ್ಲಿಗೆ ಎಳೆದದ್ದು. ಭೂವಿಜ್ಞಾನವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹನ್ನೊಂದು ವರ್ಷ ಅಲ್ಲಿ ಪಾಠ ಹೇಳುತ್ತಾ, ಬಿಡುವಿನ ದಿನಗಳಲ್ಲಿ ಸುತ್ತಲಿನ ಗುಡ್ಡಗಳನ್ನು ಅಲೆಯುತ್ತಾ, ತಾನೇ ಕಲಿತ.

ಆ ಗುಡ್ಡಗಳಲ್ಲಿ ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಕರಿಯ ಶಿಲೆಯಿದೆ. ಅದರ ಮೇಲೆ ಸ್ಲೇಟಿನಲ್ಲಿ ಬಳಪದಿಂದ ಗೀಚಿದಂಥ ಸಣ್ಣ ಸಣ್ಣ ಗುರುತುಗಳು, ಕೆಲವು ಗರಗಸದ ಅಲಗಿನಂತೆ ಹಲ್ಲು ಹಲ್ಲು. ಅವು ಪ್ರಾಚೀನ ಸಮುದ್ರದಲ್ಲಿ ಗುಂಪಾಗಿ ತೇಲುತ್ತಿದ್ದ ಜೀವಿಗಳ ಅವಶೇಷ. ಗ್ರಾಪ್ಟೋಲೈಟ್ ಎಂದು ಹೆಸರು, ಗ್ರೀಕಿನಲ್ಲಿ 'ಕಲ್ಲಿನ ಬರಹ' ಎಂದರ್ಥ. ಇವುಗಳಿಂದ ಪದರಗಳ ವಯಸ್ಸು ತಿಳಿಯದು ಎಂಬುದು ಸರ್ವೇಯವರ ಅಭಿಪ್ರಾಯ. ಕರಿಯ ಶಿಲೆ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದ್ದುದರಿಂದ ಆ ಪದರಗಳ ಒಟ್ಟು ದಪ್ಪವೂ ಅಗಾಧವೆಂದು ಅವರು ಲೆಕ್ಕ ಹಾಕಿದ್ದರು. ನಮ್ಮ ಮೇಷ್ಟರು ಆತುರಪಡಲಿಲ್ಲ. ಮಾಫಟ್ ಹತ್ತಿರದ ಡಾಬ್ಸ್ ಲಿನ್ ಎಂಬ ಕಮರಿಯಲ್ಲಿ ಅಂಗುಲ ಅಂಗುಲವಾಗಿ ಪದರಗಳನ್ನು ಬಿಡಿಸಿ, ಯಾವ ಗ್ರಾಪ್ಟೋಲೈಟ್ ಯಾವ ಪದರದಲ್ಲಿ ಸಿಕ್ಕಿತೆಂದು ಬರೆದಿಟ್ಟ. ಹಾಜರಿ ಪುಸ್ತಕ ಇಟ್ಟವರಿಗೆ ಈ ಕೆಲಸದ ಶಿಸ್ತು ಅರ್ಥವಾದೀತು. ಪ್ರತಿ ಪದರಕ್ಕೂ ತನ್ನದೇ ಆದ ಜಾತಿಗಳಿದ್ದವು. ಅಗಾಧವೆಂದು ತೋರಿದ್ದು ವಾಸ್ತವದಲ್ಲಿ ತೆಳುವಾದ ಪದರಗಳ ಒಂದೇ ಕಟ್ಟು. ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ ಮತ್ತೆ ಮತ್ತೆ ಮೇಲೆದ್ದು ಬಂದಿತ್ತು, ಅಷ್ಟೆ. 1878ರಲ್ಲಿ ಇದನ್ನು ಪ್ರಕಟಿಸಿದ.

ಮರುವರ್ಷ, 1879ರಲ್ಲಿ, ಹಳೆಯ ವ್ಯಾಜ್ಯಕ್ಕೆ ಕೈಹಾಕಿದ. ಆ ಜಗಳದ ಹೊಲದಲ್ಲಿರುವ ಜೀವಸಮೂಹ ಮೇಲಿನದೂ ಅಲ್ಲ, ಕೆಳಗಿನದೂ ಅಲ್ಲ, ಬೇರೆಯೇ ಆದ ಮೂರನೆಯದು. ಆದ್ದರಿಂದ ಅದನ್ನು ಸೆಜ್‌ವಿಕ್‌ನಿಗೂ ಕೊಡಬೇಡಿ, ಮರ್ಚಿಸನ್‌ನಿಗೂ ಕೊಡಬೇಡಿ, ಉತ್ತರ ವೇಲ್ಸ್‌ನ ಆರ್ಡೊವಿಸ್ ಬುಡಕಟ್ಟಿನ ಹೆಸರಿನಲ್ಲಿ ಆರ್ಡೊವಿಷಿಯನ್ ಎಂದು ಕರೆಯಿರಿ ಎಂದು ಸೂಚಿಸಿದ.

ಆಗ ಅವನು ಸೇಂಟ್ ಆ್ಯಂಡ್ರೂಸ್ ಪಟ್ಟಣದ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕ. ಆ ಶಾಲೆಯ ಹೆಸರು ಮದ್ರಾಸ್ ಕಾಲೇಜ್! ಸ್ಕಾಟ್ಲೆಂಡಿನಲ್ಲಿ ಮದ್ರಾಸು ಎಲ್ಲಿಂದ ಬಂತು? ಆ್ಯಂಡ್ರೂ ಬೆಲ್ ಎಂಬ ಪಾದ್ರಿ 18ನೆಯ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನ ದೇಶೀ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಅದರ ಜೊತೆಗೆ ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸುವ ಕ್ರಮವನ್ನೂ ಸೇರಿಸಿ 'ಮದ್ರಾಸ್ ಪದ್ಧತಿ' ಎಂದು ಬ್ರಿಟನ್ನಿನಲ್ಲಿ ಹರಡಿದ. ಅವನು ಬಿಟ್ಟುಹೋದ ಹಣದಿಂದ ಕಟ್ಟಿದ ಶಾಲೆಯದು. ನಮ್ಮ ಅಜ್ಜಂದಿರು ಕೂಲಿಮಠದ ಐಗಳ ಮುಂದೆ ಮರಳಿನಲ್ಲಿ ಬೆರಳಾಡಿಸಿ ಕಲಿತದ್ದೂ ಹೀಗೆಯೇ ಅಲ್ಲವೆ? ಈ ಸಂಬಂಧವನ್ನು ಓದಿದ ದಿನ ನನಗಾದ ಸಂತೋಷಕ್ಕೆ ಕಾರಣ ಹೇಳಬೇಕಾಗಿಲ್ಲ.

1881ರಲ್ಲಿ ಲ್ಯಾಪ್‌ವರ್ತ್‌ನಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರಾಧ್ಯಾಪಕನ ಹುದ್ದೆ ದೊರೆಯಿತು. ಅವನ ಮುಂದಿನ ಸಾಹಸ ಸ್ಕಾಟ್ಲೆಂಡಿನ ವಾಯವ್ಯದ ಬೆಟ್ಟಗಳಲ್ಲಿ. ಅಲ್ಲಿ ಮೇಲಿರುವ ಶಿಲೆಯೇ ಕಿರಿಯದು ಎಂದು ಮರ್ಚಿಸನ್ ಸಾಧಿಸಿದ್ದ. ಅದನ್ನು ಒಪ್ಪದ ಆ್ಯಬರ್ಡೀನ್‌ನ ಪ್ರಾಧ್ಯಾಪಕ ಜೇಮ್ಸ್ ನಿಕಲ್ ಮನ್ನಣೆ ಕಾಣದೆ 1879ರಲ್ಲಿ ತೀರಿಕೊಂಡಿದ್ದ. ಹಳೆಯ ಶಿಲೆಯೇ ಪಕ್ಕದಿಂದ ಒತ್ತಲ್ಪಟ್ಟು ಜಾರಿ ಬಂದು ಹೊಸದರ ಮೇಲೆ ಕುಳಿತಿದೆ ಎಂಬುದನ್ನು ಲ್ಯಾಪ್‌ವರ್ತ್ ತೋರಿಸಿದ. ಹಗಲೆಲ್ಲ ಅದನ್ನೇ ಅಳೆದು, ರಾತ್ರಿ ಆ ಬೆಟ್ಟ ತನ್ನ ಮೇಲೆಯೇ ಹರಿದು ಬರುತ್ತಿದೆಯೆಂದು ಬೆದರುತ್ತಿದ್ದನಂತೆ. 1883ರಲ್ಲಿ ಆರೋಗ್ಯ ಕುಸಿದು ಕೆಲಸ ನಿಂತಿತು. ಸರ್ವೇಯವರು ತಮ್ಮವರಾದ ಪೀಚ್ ಮತ್ತು ಹಾರ್ನ್ ಎಂಬಿಬ್ಬರನ್ನು ಅಲ್ಲಿಗೆ ಕಳಿಸಿದರು. ಅವರೂ ಲ್ಯಾಪ್‌ವರ್ತ್ ಹೇಳಿದ್ದೇ ಸರಿ ಎಂದರು. ಮರ್ಚಿಸನ್‌ನ ಶಿಷ್ಯನೂ ಅವನ ಚರಿತ್ರೆ ಬರೆದವನೂ ಆದ ಮಹಾನಿರ್ದೇಶಕ ಆರ್ಚಿಬಾಲ್ಡ್ ಗೈಕಿ 1884ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡ. ಗುರುವಿನ ಮಾತನ್ನು ತಾನೇ ಅಳಿಸುವುದು ಸುಲಭದ ಕೆಲಸವಲ್ಲ. ಆದರೆ ಆರ್ಡೊವಿಷಿಯನ್ ಎಂಬ ಹೆಸರನ್ನು ಮಾತ್ರ ಆತ ಅಧಿಕಾರದಲ್ಲಿರುವವರೆಗೂ ಸರ್ವೇಯ ಒಳಗೆ ಬಿಟ್ಟುಕೊಳ್ಳಲಿಲ್ಲ.

ಲ್ಯಾಪ್‌ವರ್ತ್ 1920ರಲ್ಲಿ ತೀರಿಕೊಂಡ. ಅಂತರರಾಷ್ಟ್ರೀಯ ಭೂವೈಜ್ಞಾನಿಕ ಕಾಂಗ್ರೆಸ್ಸು ಅವನ ಹೆಸರನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1960ರಲ್ಲಿ. ಇಂದಿನ ಲೆಕ್ಕದಂತೆ ಅದು 48 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಆರಂಭವಾಗಿ 44 ಕೋಟಿ ವರ್ಷಗಳ ಹಿಂದಿನವರೆಗೆ ನಡೆದ ಯುಗ. ಅದರ ಕೆಳಗೆ ಸೆಜ್‌ವಿಕ್‌ನ ಕೇಂಬ್ರಿಯನ್, ಮೇಲೆ ಮರ್ಚಿಸನ್‌ನ ಸಿಲೂರಿಯನ್. ಸಿಲೂರಿಯನ್ ಎಲ್ಲಿಂದ ಆರಂಭವಾಗುತ್ತದೆ ಎಂಬುದಕ್ಕೆ ಜಗತ್ತಿಗೆಲ್ಲ ಒಂದೇ ಗುರುತಿನ ಜಾಗ ಬೇಕೆಂದು 1980ರ ದಶಕದಲ್ಲಿ ವಿದ್ವಾಂಸರು ಒಂದು ಸ್ಥಳವನ್ನು ಆಯ್ದರು. ಅದು ವೇಲ್ಸ್‌ನಲ್ಲಿಲ್ಲ. ಮೇಷ್ಟರು ಅಂಗುಲ ಅಂಗುಲ ಎಣಿಸಿದ ಡಾಬ್ಸ್ ಲಿನ್ ಕಮರಿಯಲ್ಲಿ, ಒಂದು ಗ್ರಾಪ್ಟೋಲೈಟ್ ಮೊದಲ ಬಾರಿ ಕಾಣಿಸಿಕೊಳ್ಳುವ ಕರಿಯ ಪದರದಲ್ಲಿ ಇದೆ.